ಹತ್ತಕ್ಕೆ ಹತ್ತು ಕಳ್ಳಸೀಸೆ

ಮಾರ್ಚ್ 4, ಬುಧವಾರ

ಕಂಪನಿ ನಮ್ಮ ಕಣ್ಣು ಪರೀಕ್ಷೆ ಮಾಡಿಸುವುದು ನಮಗಾಗಿ ಅಲ್ಲ. ಕಣ್ಣು ಸೋತವಳನ್ನು ಆರಿಸಿ ಹೊರಗೆ ಹಾಕುವುದಕ್ಕೆ. ನಾವು ಕೆಟ್ಟ ಸೀಸೆ ಆರಿಸಿ ಕೆಂಪು ಡಬ್ಬಿಗೆ ಹಾಕುತ್ತೇವಲ್ಲ, ಹಾಗೆ. ಇದು ಅನ್ಯಾಯ. ನಮ್ಮ ಸಾಲಿನಲ್ಲಿ ಹನ್ನೊಂದು ಜನರಿದ್ದೇವೆ, ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಹದಿನಾಲ್ಕು ವರ್ಷ ಸಾಲಿನ ಮೊದಲ ದೀಪದ ಪೆಟ್ಟಿಗೆಯ ಮುಂದೆ ಕೂತು ಸೀಸೆ ನೋಡುತ್ತಿದ್ದವಳು ಕಳೆದ ಅಕ್ಟೋಬರಿನ ಪರೀಕ್ಷೆಯಲ್ಲಿ ಎರಡು ಅಂಕಿ ತಪ್ಪು ಓದಿದಳು. ಅದೇ ಸಂಜೆ ಅವಳ ಊಟದ ಡಬ್ಬಿ, ಕೊಡೆ, ಚಪ್ಪಲಿ ಗೇಟಿನ ಮೇಜಿನ ಮೇಲೆ ಬಂದು ಕೂತಿದ್ದವು. ಅವಳ ಕಣ್ಣು ಎಲ್ಲಿ ಸವೆಯಿತು? ಅದೇ ಪೆಟ್ಟಿಗೆಯ ದೀಪದ ಮುಂದೆ. ದುಡಿಸಿಕೊಳ್ಳುವವನು ದುಡಿಯುವವಳ ಮೈಯನ್ನು ಬಳಸಿ ಬಿಸಾಡುತ್ತಾನೆ ಎಂದು ನನ್ನ ಹಸಿರು ಕರಪತ್ರದಲ್ಲಿ ಇದೆ. ಆ ಸಾಲಿಗೆ ಎರಡು ಗೆರೆ ಎಳೆದಿದ್ದೇನೆ.

ನಮ್ಮ ಕೆಲಸ ನೋಡುವುದು. ಅಷ್ಟೇ. ಚುಚ್ಚುಮದ್ದಿನ ಸೀಸೆಗಳನ್ನು ಎರಡೆರಡಾಗಿ ಕತ್ತು ಹಿಡಿದು, ಗುಳ್ಳೆ ಏಳದ ಹಾಗೆ ಮೆಲ್ಲಗೆ ಸುತ್ತಿಸಿ, ಪೆಟ್ಟಿಗೆಯೊಳಗಿನ ಕಪ್ಪು ಹಲಗೆಯ ಮುಂದೆ ಐದು ಎಣಿಸುವಷ್ಟು ಹೊತ್ತು, ಬಿಳಿ ಹಲಗೆಯ ಮುಂದೆ ಐದು ಎಣಿಸುವಷ್ಟು ಹೊತ್ತು ನೋಡಬೇಕು. ಗಾಜಿನ ಚೂರಿದ್ದರೆ ಕಪ್ಪಿನಲ್ಲಿ ಮಿಂಚುತ್ತದೆ. ಎಳೆಯೋ ಕೂದಲೋ ಇದ್ದರೆ ಬಿಳಿಯಲ್ಲಿ ಸಿಕ್ಕಿಬೀಳುತ್ತದೆ. ಕಂಡರೆ ಕೆಂಪು ಡಬ್ಬಿ, ಕಾಣದಿದ್ದರೆ ಮುಂದಕ್ಕೆ.

ಮುಂದಿನ ಪರೀಕ್ಷೆ ಏಪ್ರಿಲ್‌ನಲ್ಲಿ. ಈ ಸಲ ಒಬ್ಬಳೂ ಹೋಗಕೂಡದು. ಕಂಪನಿಯ ನರ್ಸಮ್ಮ ಹೊತ್ತು ಉಳಿಸಲು ಗೋಡೆಯ ಹಾಳೆಯ ಕೊನೇ ಸಾಲನ್ನು ಮಾತ್ರ ಓದಿಸುತ್ತಾಳೆ. ಆ ಹಾಳೆ ಆರು ವರ್ಷದಿಂದ ಬದಲಾಗಿಲ್ಲ. ಏಳು, ಎರಡು, ಒಂಬತ್ತು, ಮೂರು, ಆರು. ಕೈತೊಳೆಯುವ ನಲ್ಲಿಗಳ ಹತ್ತಿರ ಎಲ್ಲರಿಗೂ ಹಾಡಿನ ಧಾಟಿಯಲ್ಲಿ ಹೇಳಿಕೊಟ್ಟೆ.

ಪಕ್ಕದ ಪೆಟ್ಟಿಗೆಯ ದೊಡ್ಡಕ್ಕ ಕೈ ಒದರುತ್ತ ನಕ್ಕಳು. ಸಾಲಿಗೆಲ್ಲ ಹಿರಿಯಳು, ಅದಕ್ಕೆ ಎಲ್ಲರಿಗೂ ದೊಡ್ಡಕ್ಕ. "ಏ ಭಾಷಣ, ಇದೊಂದು ಕೆಲಸ ಒಳ್ಳೇದು ಮಾಡ್ದೆ ನೋಡು. ಮಿಕ್ಕಿದ್ದೆಲ್ಲ ಬರೀ ಗಾಳಿ."

ನನ್ನನ್ನು ಇಲ್ಲಿ ಎಲ್ಲರೂ ಕರೆಯುವುದೇ ಭಾಷಣ ಅಂತ. ಕರೆಯಲಿ.

ನನ್ನ ಪೆಟ್ಟಿಗೆಯ ದೀಪ ಮಂಕಾಗಿದೆ. ದೂರು ಬರೆಯಬೇಕು.

ಮಾರ್ಚ್ 10, ಮಂಗಳವಾರ

ಇವತ್ತು ಕಳ್ಳಸೀಸೆ ಬಂದಿತ್ತು. ಬೇಕೆಂದೇ ಚೂರು ಹಾಕಿದ ಹತ್ತು ಸೀಸೆಗಳನ್ನು ಸೂಪರ್‌ವೈಸರ್ ನಮ್ಮ ತಟ್ಟೆಯೊಳಗೆ ಗೊತ್ತಾಗದ ಹಾಗೆ ಸೇರಿಸುತ್ತಾನೆ. ನಾವು ಎಷ್ಟು ಹಿಡಿದೆವೆಂದು ಆಮೇಲೆ ಅವನಿಗಷ್ಟೇ ಗೊತ್ತಿರುವ ಗುರುತು ನೋಡಿ ಎಣಿಸುತ್ತಾನೆ. ದುಡಿಯುವವರ ಮೇಲೆ ಬೇಹುಗಾರಿಕೆ, ಮತ್ತೇನಲ್ಲ.

ನಾನು ಹಿಡಿದದ್ದು ನಾಲ್ಕು.

"ಏನಮ್ಮ, ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯಾ?" ಎಂದ. ಹುಡುಗಿಯರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. "ಮೊದಲು ದೀಪ ಬದಲಾಯ್ಸಿ, ಆಮೇಲೆ ಕಣ್ಣಿನ ಮಾತಾಡಿ" ಎಂದೆ. ಮಧ್ಯಾಹ್ನದ ಬಿಡುವಿನಲ್ಲಿ ಮನವಿ ಬರೆದು ಹನ್ನೊಂದು ಸಹಿ ಹಾಕಿಸಿದೆ. ಒಳ್ಳೆಯ ಮನವಿ. ಬೆಳಕು ಕಾರ್ಮಿಕರ ಹಕ್ಕು ಎಂದು ಶುರುವಾಗುತ್ತದೆ.

ಮನೆಗೆ ಬಂದಾಗ ಅಮ್ಮ ಹೊಲಿಗೆ ಮುಂದಿಟ್ಟುಕೊಂಡು ಕೂತಿದ್ದಳು. ಎಂದಿನಂತೆ "ಬಾರೇ, ಸೂಜಿ ಪೋಣಿಸು" ಎಂದಳು. ದಾರ ನೆಕ್ಕಿ ನೆಕ್ಕಿ ತುದಿ ಮೆತ್ತಗಾಯಿತೇ ಹೊರತು ಸೂಜಿಯ ಕಣ್ಣಿಗೆ ಹೋಗಲಿಲ್ಲ. ಈಗಿನ ದಾರ ಎಲ್ಲ ಕಳಪೆ.

ಮಾರ್ಚ್ 17, ಮಂಗಳವಾರ

ಗೆದ್ದೆವು! ಹನ್ನೊಂದು ಪೆಟ್ಟಿಗೆಗೂ ಹೊಸ ದೀಪ. ಸೂಪರ್‌ವೈಸರ್ ಮುಖ ಗಂಟು ಹಾಕಿಕೊಂಡೇ ಹಾಕಿಸಿದ. ಹುಡುಗಿಯರು ಚಪ್ಪಾಳೆ ಹೊಡೆದರು. "ಕಣ್ಣು ಕುಕ್ಕುತ್ತಲ್ಲೇ ಭಾಷಣ, ಏನೇ ಇದು ಬೆಳಕು!" ಎಂದರು.

ನನ್ನ ಪೆಟ್ಟಿಗೆಯಲ್ಲಿ ಮಂಕು ಹಾಗೇ ಇದೆ. ದೀಪದಲ್ಲಿ ಅಲ್ಲ. ನಾನು ಎಲ್ಲಿ ನೋಡುತ್ತೇನೋ ಅಲ್ಲಿ. ಸೀಸೆಯನ್ನು ನೇರ ನೋಡಿದರೆ ಅದರ ನಡು ಮಾಯ, ಓರೆಗಣ್ಣಿಗೆ ಹಾಜರ್.

ಶನಿವಾರ ಅರ್ಧ ದಿನ ರಜೆ ಕೇಳಿದ್ದೇನೆ. ಕನ್ನಡಕ ಬೇಕಾಗಬಹುದು.

ಮಾರ್ಚ್ 21, ಶನಿವಾರ

ಕನ್ನಡಕ ಅಲ್ಲ.

ಡಾಕ್ಟರ್ ವಯಸ್ಸಾದವರು, ಮೆಲ್ಲಗೆ ಮಾತಾಡುತ್ತಾರೆ. ಕಣ್ಣಿಗೆ ಹನಿ ಹಾಕಿ, ಗದ್ದವನ್ನು ಯಂತ್ರದ ಮೇಲೆ ಇಡಿಸಿ ತುಂಬ ಹೊತ್ತು ನೋಡಿದರು. "ಕಣ್ಣಿನ ಹಿಂದೆ ಒಂದು ಪರದೆ ಇದೆಯಮ್ಮ. ಅದರ ನಟ್ಟನಡುವೆ ಒಂದು ಕಾಳಿನಷ್ಟು ಜಾಗ. ಓದೋದು, ಮುಖ ಗುರುತು ಹಿಡಿಯೋದು, ಸಣ್ಣದನ್ನ ನೋಡೋದು, ಎಲ್ಲ ಅದರ ಕೆಲಸ. ಅದು ಸವೀತಾ ಇದೆ."

"ಔಷಧ?"

"ಸದ್ಯಕ್ಕೆ ಇಲ್ಲ."

"ಎಷ್ಟು ದಿನ?"

"ದಿನದ ಮಾತಲ್ಲ, ವರ್ಷಗಳ ಮಾತು. ಪೂರ್ತಿ ಕತ್ತಲು ಬರೋದಿಲ್ಲ. ಓಡಾಡ್ತೀಯ, ಅಂಚಲ್ಲಿ ಕಾಣ್ತಾ ಇರುತ್ತೆ. ನಡುವೆ ಮಾತ್ರ..." ಎಂದು ನಿಲ್ಲಿಸಿದರು.

ಆ ಪೆಟ್ಟಿಗೆಯ ದೀಪದಿಂದ ಬಂದದ್ದು ತಾನೇ, ಬರೆದುಕೊಡಿ, ನಾನು ಹೋರಾಡುತ್ತೇನೆ ಎಂದೆ. ಅವರು ಅಲ್ಲವೆಂದು ತಲೆಯಾಡಿಸಿದರು. "ಇದು ಹುಟ್ಟುತ್ತಲೇ ಜೊತೆಗೆ ಬಂದದ್ದು. ಕೆಲಸದಿಂದ ಬಂದದ್ದಲ್ಲ."

"ಹಾಗಾದರೆ ಯಾರ ತಪ್ಪು?"

"ಯಾರ ತಪ್ಪೂ ಅಲ್ಲ ತಾಯಿ."

ನನ್ನ ಹತ್ತಿರ ನಲವತ್ತೊಂದು ಕರಪತ್ರಗಳಿವೆ. ರದ್ದಿ ಅಂಗಡಿಯಲ್ಲಿ ಒಂದೊಂದಾಗಿ ಆರಿಸಿ ತಂದವು. ಯಾರ ತಪ್ಪೂ ಅಲ್ಲದ ಅನ್ಯಾಯದ ವಿಷಯ ಅವುಗಳಲ್ಲಿ ಒಂದರಲ್ಲೂ ಇಲ್ಲ.

ಮಾರ್ಚ್ 22, ಭಾನುವಾರ

ಅಮ್ಮನಿಗೆ ಹೇಳಿಲ್ಲ.

ಮಾರ್ಚ್ 26, ಗುರುವಾರ

ಬೆಳಗ್ಗೆ ಏಳಬೇಕು ಎನಿಸಲಿಲ್ಲ. ಎದ್ದೆ. ಸೀಸೆ ಸುತ್ತಿಸಿದೆ. ಐದು ಎಣಿಸಿದೆ, ಐದು ಎಣಿಸಿದೆ. ಮುಂದಕ್ಕೆ ಕಳಿಸಿದೆ.

ಏಪ್ರಿಲ್ 1, ಬುಧವಾರ

ದೊಡ್ಡಕ್ಕನಿಗೆ ಹೇಳಿಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ. ಊಟದ ಕೋಣೆಯಲ್ಲಿ ನೀರಿನ ಲೋಟ ನೋಡದೆ ಕೈ ತಾಗಿ ಅವಳ ಮಡಿಲಿಗೆ ಚೆಲ್ಲಿದೆ. "ಕುರುಡಿ ಥರ ಆಡ್ತೀಯಲ್ಲೇ" ಎಂದಳು. ನನಗೆ ಅಳು ಬಂತು. ಅವಳು ಒದ್ದೆ ಸೀರೆಯಲ್ಲೇ ನನ್ನನ್ನು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದಳು.

ಎಲ್ಲ ಕೇಳಿಸಿಕೊಂಡಳು. ಅಯ್ಯೋ ಪಾಪ ಎನ್ನಲಿಲ್ಲ. ನನ್ನ ಬಲಗೈ ಹೆಬ್ಬೆರಳನ್ನು ಹಿಡಿದುಕೊಂಡು, "ಇದು ಇದೆಯಲ್ಲ" ಎಂದಳು.

ಕಳ್ಳಸೀಸೆಗಳು ವರ್ಷಗಟ್ಟಲೆ ಅವೇ ಹಳೆಯ ಸೀಸೆಗಳಂತೆ. ಸಾವಿರಾರು ಸಲ ಕೈಯಿಂದ ಕೈಗೆ ಹೋಗಿ ಅವುಗಳ ಮುಚ್ಚಳದ ತಗಡಿನ ಅಂಚು ಸವೆದು ನುಣುಪಾಗಿದೆ. ಹೊಸ ಸೀಸೆಯ ಅಂಚು ಬೆರಳಿಗೆ ಚುರ್ ಅನ್ನುತ್ತದೆ. "ನೋಡೋ ಥರ ನೋಡ್ತಾ ಇರು, ಬೆರಳಲ್ಲಿ ತಡವು. ನುಣ್ಣಗಿದ್ರೆ ಕೆಂಪು ಡಬ್ಬಿಗೆ ಹಾಕು. ಅವನಪ್ಪನಿಗೂ ಗೊತ್ತಾಗಲ್ಲ."

ಮಧ್ಯಾಹ್ನ ಕಳ್ಳಸೀಸೆ ಬಂತು. ಹತ್ತಕ್ಕೆ ಹತ್ತು ಹಿಡಿದೆ.

ಏಪ್ರಿಲ್ 3, ಶುಕ್ರವಾರ

ಮತ್ತೆ ಹತ್ತಕ್ಕೆ ಹತ್ತು.

ನಾನು ಮಾಡುತ್ತಿರುವುದು ಪ್ರತಿರೋಧ. ಬೇಹುಗಾರಿಕೆಗೆ ಬೇಹುಗಾರಿಕೆಯೇ ಉತ್ತರ. ಹಸಿರು ಕರಪತ್ರದಲ್ಲಿ ಇಂಥದೊಂದು ಮಾತಿತ್ತು. ಹುಡುಕಿ ಇಲ್ಲಿ ಬರೆದುಕೊಳ್ಳೋಣ ಎಂದು ತೆಗೆದೆ. ಅದರ ಅಕ್ಷರ ಇಷ್ಟು ಸಣ್ಣದಿತ್ತೇ? ಎರಡು ಗೆರೆ ಎಳೆದ ಸಾಲು ಸಿಕ್ಕಿತು. ಗೆರೆ ಕಾಣುತ್ತದೆ. ಸಾಲು ಕಾಣುವುದಿಲ್ಲ.

ಏಪ್ರಿಲ್ 9, ಗುರುವಾರ

ಹಜಾರದ ಬೋರ್ಡಿನ ಮೇಲೆ ನನ್ನ ಫೋಟೋ ಹಾಕಿದ್ದಾರೆ. "ತಿಂಗಳ ಕಣ್ಣು." ಮೂರು ಸಲಕ್ಕೆ ಮೂವತ್ತಕ್ಕೆ ಮೂವತ್ತು, ಸಾಲಿನಲ್ಲಿ ಇದುವರೆಗೆ ಯಾರೂ ಮಾಡಿಲ್ಲವಂತೆ. ಸೂಪರ್‌ವೈಸರ್ ಎಲ್ಲರ ಮುಂದೆ ಕೈ ಕುಲುಕಿದ. "ಬೈದಿದ್ದಕ್ಕೆ ಬೇಜಾರಿಲ್ಲ ತಾನೇ? ಬೈದಿದ್ದಕ್ಕೇ ನೋಡು ಕಣ್ಣು ತೆರೀತು."

ಬೋರ್ಡಿನ ಮುಂದೆ ನಿಂತು ನನ್ನ ಫೋಟೋ ನೋಡಿದೆ. ನೇರ ನೋಡಿದರೆ ಮುಖವಿಲ್ಲ. ಕೂದಲು, ಕಿವಿ, ಕೋಟಿನ ಕಾಲರ್ ಇವೆ. ನಡುವೆ ಯಾರೋ ಒದ್ದೆ ಬೆರಳಿಂದ ಒರೆಸಿದ ಹಾಗೆ.

ಹುಡುಗಿಯರು ಸಿಹಿ ಕೊಡಿಸು ಎಂದು ಗಂಟುಬಿದ್ದರು. ಕೊಡಿಸಿದೆ.

ಅಮ್ಮ ಈಗ ಸೂಜಿ ಪೋಣಿಸಲು ಕರೆಯುವುದಿಲ್ಲ. ನಾನು ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಸಿಟ್ಟಿರಬೇಕು.

ಏಪ್ರಿಲ್ 12, ಭಾನುವಾರ

ನಲವತ್ತೊಂದು ಕರಪತ್ರಗಳನ್ನೂ ದಾರ ಕಟ್ಟಿ ರದ್ದಿ ಅಂಗಡಿಗೆ ವಾಪಸು ಕೊಟ್ಟೆ. ಅಂಗಡಿಯವನು, "ಯಾಕಮ್ಮ, ಕ್ರಾಂತಿ ಮುಗೀತಾ?" ಎಂದ. ಅವನು ತಮಾಷೆಗೆ ಅಂದದ್ದು. ಹೂಂ ಎಂದೆ.

ಏಪ್ರಿಲ್ 18, ಶನಿವಾರ

ಇದನ್ನು ಪೂರ್ತಿ ಬರೆಯಬೇಕು.

ಡಾಕ್ಟರ್ ಇನ್ನೊಂದು ಪರೀಕ್ಷೆಗೆ ಕರೆದಿದ್ದರು. ಕೈಯ ನರಕ್ಕೆ ಹಳದಿ ಬಣ್ಣದ ಮದ್ದು ಚುಚ್ಚುತ್ತಾರೆ. ಅದು ರಕ್ತದ ಜೊತೆ ಕಣ್ಣಿಗೆ ಹೋದಾಗ ಒಳಗಿನ ಪರದೆಯ ಫೋಟೋ ತೆಗೆಯುತ್ತಾರೆ. ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಬಿಗಿದರು. ಫೋಟೋ ತೆಗೆಯುವವನು ತಟ್ಟೆಯಿಂದ ಸೀಸೆ ಎತ್ತಿಕೊಂಡ. ಗಾಜು ಗಾಜಿಗೆ ತಾಗಿದ ಆ ಸದ್ದು ನನಗೆ ಚೆನ್ನಾಗಿ ಗೊತ್ತು.

"ಒಂದು ನಿಮಿಷ ಕೊಡಿ" ಎಂದು ಕೈ ಚಾಚಿದೆ.

"ಯಾಕಮ್ಮ, ನೀನೂ ಡಾಕ್ಟ್ರಾ?"

"ಸುಮ್ಮನೆ ಕೊಡಿ ಅಣ್ಣ."

ಕೊಟ್ಟ. ಸೀಸೆಯ ಕತ್ತು ಹಿಡಿದೆ. ಗುಳ್ಳೆ ಏಳದ ಹಾಗೆ ಸುತ್ತಿಸಿದೆ. ಅವನ ಕೋಣೆಯ ಕಪ್ಪು ಪರದೆಯ ಮುಂದೆ ಹಿಡಿದು ಐದು ಎಣಿಸಿದೆ. ನನ್ನ ಬಿಳಿ ದುಪಟ್ಟಾದ ಮುಂದೆ ಹಿಡಿದು ಐದು ಎಣಿಸಿದೆ. ಏನೂ ಕಾಣಲಿಲ್ಲ. ಏನೂ ಇರಲಿಲ್ಲವೋ, ಇದ್ದದ್ದು ನನಗೆ ಕಾಣಲಿಲ್ಲವೋ? ಹೆಬ್ಬೆರಳು ತಾನೇ ತಾನಾಗಿ ಅಂಚು ತಡವಿತು. ಚುರ್ ಎಂದಿತು. ಹೊಸ ಸೀಸೆ. ಅಷ್ಟರಿಂದ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಕಳ್ಳಸೀಸೆ ಅಲ್ಲ ಎಂದು ಗೊತ್ತಾಗುತ್ತದೆ. ಕಳ್ಳಸೀಸೆಯನ್ನು ಯಾರಿಗೂ ಚುಚ್ಚುವುದಿಲ್ಲ.

"ಚೆನ್ನಾಗಿದೆಯಾ?" ಎಂದು ನಕ್ಕ. ವಾಪಸು ಕೊಟ್ಟೆ. ಚುಚ್ಚಿದ. ತಣ್ಣಗೆ ತೋಳಿನಲ್ಲಿ ಹತ್ತಿತು.

ಎಲ್ಲೋ ಒಬ್ಬಳು ಪೆಟ್ಟಿಗೆಯ ಮುಂದೆ ಕೂತು ಆ ಸೀಸೆಯನ್ನು ನೋಡಿ ಮುಂದಕ್ಕೆ ಕಳಿಸಿದ್ದಾಳೆ. ಅವಳ ಹೆಸರು ನನಗೆ ಗೊತ್ತಿಲ್ಲ. ಅವಳ ಕಣ್ಣು ಸರಿ ಇತ್ತೋ ಇಲ್ಲವೋ ಗೊತ್ತಿಲ್ಲ. ಅವಳಿಗೂ ಪಕ್ಕದಲ್ಲಿ ಒಬ್ಬ ದೊಡ್ಡಕ್ಕ ಇದ್ದಳೋ ಏನೋ.

ದೀಪ ಮಂಕಾಯಿತೆಂದು ನನಗೆ ಅನಿಸತೊಡಗಿದ ಜನವರಿಯಿಂದ ನನ್ನ ಕೈ ದಾಟಿ ಹೋದ ಸೀಸೆಗಳು ಎಷ್ಟು? ಅವು ಯಾರ ತೋಳಿಗೆ ಹೋದವು? ಇದಕ್ಕೆ ಯಾರ ತಪ್ಪೂ ಅಲ್ಲ ಎನ್ನಲು ಬರುವುದಿಲ್ಲ.

ಏಪ್ರಿಲ್ 20, ಸೋಮವಾರ

ಹೇಳಬೇಕು. ಹೇಳಲಿಲ್ಲ.

ಏಪ್ರಿಲ್ 21, ಮಂಗಳವಾರ

ಹೇಳಲಿಲ್ಲ. ಹತ್ತಕ್ಕೆ ಹತ್ತು.

ಏಪ್ರಿಲ್ 23, ಗುರುವಾರ

ಕಣ್ಣು ಪರೀಕ್ಷೆ. ಎಲ್ಲರಿಗಿಂತ ಮುಂದೆ ನಿಲ್ಲುವುದು ನನ್ನ ಹಳೆಯ ಚಟ. ಕಾಲು ತಾವಾಗಿಯೇ ಹೋಗಿ ಸಾಲಿನ ಮೊದಲಿಗೆ ನಿಂತವು. ಹಿಂದಿನಿಂದ ಯಾರೋ ಮೆಲ್ಲಗೆ ಹಾಡುತ್ತಿದ್ದರು. ಏಳು, ಎರಡು, ಒಂಬತ್ತು.

ನರ್ಸಮ್ಮ ಒಂದು ಕಣ್ಣು ಮುಚ್ಚಿಸಿ, "ಕೊನೇ ಸಾಲು" ಎಂದಳು. ಗೋಡೆಯ ಮೇಲೆ ಬೂದು ಬಣ್ಣದ ಒಂದು ಕಲೆ ಕಂಡಿತು. ತಿಂಗಳ ಕಣ್ಣು ಎದೆ ಸೆಟೆಸಿ ಹೇಳಿತು. ಏಳು, ಎರಡು, ಒಂಬತ್ತು, ಮೂರು, ಆರು.

ಅವಳು ಹಾಳೆಯ ಕಡೆ ತಿರುಗಿ ನೋಡಿದಳು. "ಇನ್ನೊಂದ್ಸಲ ಹೇಳು."

ಇನ್ನೂ ಜೋರಾಗಿ ಹೇಳಿದೆ.

ಅವಳು ಎದ್ದು ಬಾಗಿಲು ಮುಚ್ಚಿದಳು. "ಹಾಳೆ ನಿನ್ನೆ ಬದಲಾಯ್ಸಿದೆ ಕಣಮ್ಮ. ಅದರಲ್ಲಿ ಒಂದೇ ಒಂದು ಅಂಕಿ ಇಲ್ಲ. ಮೂರು ಹಲ್ಲಿನ ಬಾಚಣಿಗೆ ಥರ ಗುರುತು ಇದೆ. ಹಲ್ಲು ಯಾವ ಕಡೆಗಿದೆ ಅಂತ ಹೇಳ್ಬೇಕು, ಅಷ್ಟೇ."

ನಾನು ನಿಂತೇ ಇದ್ದೆ. ಒಂದು ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡೇ.

"ಬೋರ್ಡಿನ ಮೇಲಿರೋದು ನೀನೇ ತಾನೇ?"

"ಹೂಂ."

"ಅಯ್ಯೋ ನನ್ನ ಕರ್ಮ." ಕುರ್ಚಿಯಲ್ಲಿ ಕುಸಿದಳು. "ಹೊರಗಿರೋರಿಗೆಲ್ಲ ಇದೇ ಪಾಠವಾ?"

ನಲ್ಲಿಯ ಹತ್ತಿರ ನಾನು ಕಲಿಸಿದ ಹಾಡು ಬಾಗಿಲ ಆಚೆಯಿಂದ ಕೇಳುತ್ತಲೇ ಇತ್ತು. ಅದಕ್ಕಿಂತ ಬೇರೆ ಉತ್ತರ ಏನು ಬೇಕು?

"ನೋಡು, ಯಾರನ್ನೂ ಮನೆಗೆ ಕಳಿಸೋ ಆಸೆ ನನಗಿಲ್ಲ. ಇವತ್ತು ನಾನು ಏನೂ ಬರೆಯಲ್ಲ. ಎಲ್ಲರಿಗೂ ಸೋಮವಾರ ಎಂಟು ಗಂಟೆಗೆ ಮತ್ತೆ ಪರೀಕ್ಷೆ." ಮೇಜಿನ ಮೇಲೆ ಹೊಸ ಹಾಳೆಯ ಸಣ್ಣ ಪ್ರತಿಯೊಂದು ಬಿದ್ದಿತ್ತು. ಅದನ್ನು ಬೆರಳಿಂದ ನನ್ನ ಕಡೆ ತಳ್ಳಿ, ಎದ್ದು ಕಿಟಕಿಯ ಕಡೆ ತಿರುಗಿ ನಿಂತಳು. ಬೇಕೆಂದೇ ತುಂಬ ಹೊತ್ತು ನಿಂತಳು.

ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಏಪ್ರಿಲ್ 24, ಶುಕ್ರವಾರ

ಬಿಡುವಿನಲ್ಲಿ ದೊಡ್ಡಕ್ಕನನ್ನು ಕೋಟಿನ ಮೂಲೆಗೆ ಕರೆದು ಹಾಳೆ ಕೊಟ್ಟೆ. "ಕೊನೇ ಸಾಲು ಓದಿ ಹೇಳು. ನಾನು ಬಾಯಿಪಾಠ ಮಾಡ್ಕೋತೀನಿ, ಆಮೇಲೆ ಎಲ್ಲರಿಗೂ ಹೇಳ್ಕೊಡೋಣ."

ಅವಳು ಹಾಳೆಯನ್ನು ತೋಳುದ್ದ ಹಿಡಿದಳು. ಮೂಗಿನ ಹತ್ತಿರ ತಂದಳು. ಮತ್ತೆ ತೋಳುದ್ದ.

"ನೀನೇ ಓದೇ" ಎಂದಳು.

"ನನಗೆ ಕಾಣಲ್ಲ ಅಂತ ಗೊತ್ತಲ್ಲ ನಿಂಗೆ."

"ಹಾಗಾದ್ರೆ ಬೇರೆ ಯಾರಾದ್ರೂ ಓದಲಿ."

ಇಬ್ಬರಿಗೂ ಒಟ್ಟಿಗೆ ನಗು ಬಂತು. ಸಾಲಿನಲ್ಲೇ ಹೆಚ್ಚು ಕಳ್ಳಸೀಸೆ ಹಿಡಿಯುವ ಇಬ್ಬರು, ಒಂದು ಕಳ್ಳಹಾಳೆ ಓದಲಾರದೆ ನಿಂತಿದ್ದೆವು. ಗೋಡೆಗೆ ಒರಗಿ ನಕ್ಕೆವು. ಆಮೇಲೆ ನಗು ನಿಂತಿತು.

ಬೆರಳಿನ ವಿದ್ಯೆ ಅವಳಿಗೆ ಹೇಗೆ ಬಂತೆಂದು ನಾನು ಕೇಳಿರಲೇ ಇಲ್ಲ. ನನ್ನ ಕಣ್ಣಿನ ಸಂಕಟದಲ್ಲಿ ನನಗೆ ಬೇರೆಯವರ ಕಣ್ಣೂ ಸೋತಿರಬಹುದೆಂದೇ ಹೊಳೆದಿರಲಿಲ್ಲ.

"ಎಷ್ಟು ದಿನದಿಂದ ದೊಡ್ಡಕ್ಕ?"

"ಎರಡು ವರ್ಷ ಆಗಿರ್ಬಹುದು. ಎಲ್ಲ ಹೊಗೆ ಮುಚ್ಚಿಕೊಂಡ ಹಾಗೆ."

"ಹಳೇ ಹಾಳೆಯ ಅಂಕಿ?"

"ನೀನು ಹೇಳ್ಕೊಡೋ ಮೊದಲೇ ಬರ್ತಿತ್ತು. ನಿನ್ನ ಮರ್ಯಾದೆಗೆ ಅಂತ ಆಗ ಕಲಿತ ಹಾಗೆ ಮಾಡ್ದೆ."

ಹೊಗೆಯಾದರೆ ಅದು ಪೊರೆ ಇರಬೇಕು, ಡಾಕ್ಟರ್ ಕೋಣೆಯ ಹೊರಗೆ ಅಂಥವರೇ ಸಾಲುಗಟ್ಟಿ ಕೂತಿದ್ದರು, ತೆಗೆದರೆ ಮೊದಲಿನಂತೆ ಕಾಣುತ್ತದಂತೆ ಎಂದೆ. ನನ್ನದು ಹಾಗಲ್ಲ, ನಿನ್ನದು ಸರಿಹೋಗುತ್ತೆ ಎಂದೆ. ಅವಳು ಕೋಟಿನ ಗುಂಡಿ ತಿರುವುತ್ತಿದ್ದಳು. "ತೋರಿಸಿದ್ರೆ ಕಣ್ಣು ಕೆಟ್ಟಿದೆ ಅಂತ ಒಪ್ಪಿಕೊಂಡ ಹಾಗಲ್ಲವೇನೇ? ಕಣ್ಣು ಬರೋ ಹೊತ್ತಿಗೆ ಕೆಲಸ ಹೋಗಿರುತ್ತೆ."

ಆಗ ಹೇಳಿದೆ. ಹಳದಿ ಮದ್ದಿನ ಸೀಸೆಯ ಕಥೆ ಹೇಳಿದೆ. ಸೋಮವಾರ ನರ್ಸಮ್ಮನಿಗೂ ಮ್ಯಾನೇಜರಿಗೂ ನಾನೇ ಹೇಳುತ್ತೇನೆ, ಜನವರಿಯಿಂದ ನನ್ನ ಪೆಟ್ಟಿಗೆ ದಾಟಿದ ಮದ್ದನ್ನೆಲ್ಲ ಮತ್ತೆ ನೋಡಿಸಬೇಕು ಎಂದೆ. ಕಣ್ಣು ಸೋತವಳಿಗೆ ಗೇಟಲ್ಲ, ಚಿಕಿತ್ಸೆ ಕೊಡಿ, ಚೀಟಿ ಅಂಟಿಸುವ ಕಡೆ ಕೆಲಸ ಕೊಡಿ ಎಂದೂ ಕೇಳುತ್ತೇನೆ. ಎಲ್ಲ ತಡವರಿಸಿಕೊಂಡೇ ಹೇಳಿದೆ.

ದೊಡ್ಡಕ್ಕನ ದನಿ ಬದಲಾಯಿತು. "ಕೊಡ್ತಾರೆ, ಕಾಯ್ಕೊಂಡು ಕೂತಿರು. ನಿಂಗೆ ಇಪ್ಪತ್ಮೂರು, ಹೋಗಿ ಹುತಾತ್ಮಳಾಗು. ನಂಗೆ ನಲವತ್ತೇಳು. ನನ್ನ ಯಾಕೆ ಗುಂಡಿಗೆ ಎಳೀತೀಯ?"

"ನಿನ್ನ ಹೆಸರು ಎತ್ತೋದಿಲ್ಲ."

"ಎತ್ತೋದೇನು ಬೇಕು? ನಿನಗೆ ಕಳ್ಳಸೀಸೆ ಹಿಡಿಯೋದು ಕಲಿಸಿದ್ದು ಯಾರು ಅಂತ ಕೇಳಿದ್ರೆ ಪಕ್ಕದ ಪೆಟ್ಟಿಗೆ ತಾನೇ ಮೊದಲು?"

ನಿಜ. ಗಂಟೆ ಹೊಡೆಯಿತು.

ಏಪ್ರಿಲ್ 25, ಶನಿವಾರ

ಬೆಳಗ್ಗೆ ಅಮ್ಮನ ಹೊಲಿಗೆ ಪೆಟ್ಟಿಗೆಗೆ ಕತ್ತರಿ ಇಡಲು ಹೋದಾಗ ಸೂಜಿ ಚುಚ್ಚಿಡುವ ದಿಂಬಿಗೆ ಕೈ ತಾಗಿತು. ಏನೋ ಮೆತ್ತಗೆ ಜೋತಾಡುತ್ತಿತ್ತು. ತಡವಿದೆ. ಪ್ರತಿಯೊಂದು ಸೂಜಿಯಲ್ಲೂ ದಾರ. ಇಪ್ಪತ್ತಾದರೂ ಇರಬೇಕು.

"ಯಾರು ಪೋಣಿಸಿದ್ದು ಅಮ್ಮ?"

"ಎದುರುಮನೆಯವಳು. ವಾರಕ್ಕೆ ಒಂದ್ಸಲ ಬಂದು ಎಲ್ಲಾ ಪೋಣಿಸಿ ಹೋಗ್ತಾಳೆ."

"ಯಾವಾಗಿಂದ?"

"ನೀನು ಅವತ್ತು ದಾರ ನೆಕ್ಕಿ ನೆಕ್ಕಿ ಮುದ್ದೆ ಮಾಡಿದ್ಯಲ್ಲ, ಅವತ್ತಿಂದ." ದಿಂಬನ್ನು ತನ್ನ ಕಡೆ ಎಳೆದುಕೊಂಡು, "ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದಳು.

ಹೇಳಿದೆ. ಅಮ್ಮ ಅತ್ತಳು. ನಾನು ಅಳಲಿಲ್ಲ. ಅವಳ ಮುಖ ನೋಡುತ್ತ ಕೂತಿದ್ದೆ. ನೇರ ನೋಡಿದರೆ ಹೋಗಿಬಿಡುತ್ತದೆಂದು ಅವಳ ಕಿವಿಯ ಪಕ್ಕಕ್ಕೆ ನೋಡುತ್ತಿದ್ದೆ. ಎಷ್ಟು ವರ್ಷ ಹೀಗೆ ಸಿಕ್ಕೀತು?

ಅರ್ಧ ದಿನದ ಕೆಲಸಕ್ಕೆ ಹೋದೆ. ಮೈಗೆ ಹುಷಾರಿಲ್ಲ ಎಂದು ಹೇಳಿ ಒಂದು ಸೀಸೆಯನ್ನೂ ಮುಟ್ಟಲಿಲ್ಲ. ದೊಡ್ಡಕ್ಕ ನನ್ನ ಜೊತೆ ಮಾತಾಡಲಿಲ್ಲ. ಹುಡುಗಿಯರಿಗೆ ಹಾಳೆ ಬದಲಾದದ್ದು ಹೇಗೋ ಗೊತ್ತಾಗಿದೆ. "ನಿನ್ನ ಹಾಡು ನೀನೇ ಹಾಡ್ಕೋ ಭಾಷಣ" ಎಂದು ಒಬ್ಬಳು ಅಂದಳು. ನರ್ಸಮ್ಮ ಕೊಟ್ಟ ಪ್ರತಿ ಜೇಬಿನಲ್ಲೇ ಇತ್ತು. ಕಣ್ಣು ಚೆನ್ನಾಗಿರುವವಳು ಯಾರಾದರೂ ಓದಿ ಹೇಳಿದರೆ ಎರಡು ನಿಮಿಷದ ಕೆಲಸ. ಕೈ ಜೇಬಿಗೆ ಎರಡು ಸಲ ಹೋಯಿತು. ಸಂಜೆ ಮನೆಯಲ್ಲಿ ಆ ಹಾಳೆಯನ್ನು ಒಲೆಗೆ ಹಾಕಿದೆ.

ಅದಕ್ಕೂ ಮೊದಲು, ಕೆಲಸ ಬಿಟ್ಟು ಹೊರಡುವಾಗ ಗೇಟಿನ ಹತ್ತಿರ ದೊಡ್ಡಕ್ಕನ ಬೆನ್ನ ಹಿಂದೆ ನಡೆದು ಹೇಳಿದೆ. "ಎಂಟಕ್ಕೆ ನಾನು ಒಳಗೆ ಹೋಗ್ತೀನಿ. ಅದಕ್ಕೂ ಅರ್ಧ ಗಂಟೆ ಮೊದಲೇ ಬಂದು ನಲ್ಲಿ ಹತ್ತಿರ ನಿಂತಿರ್ತೀನಿ. ನೀನು ಬಂದ್ರೆ ಇಬ್ಬರೂ ಹೋಗೋಣ. ಬರದಿದ್ರೆ ಒಬ್ಬಳೇ ಹೋಗ್ತೀನಿ. ದೂರದಿಂದ ನಂಗೆ ನಿನ್ನ ಮುಖ ಗೊತ್ತಾಗಲ್ಲ ದೊಡ್ಡಕ್ಕ. ಬಂದ್ರೆ ನೀನೇ ಕರೀಬೇಕು."

ಅವಳು ತಿರುಗಲಿಲ್ಲ. ಚಪ್ಪಲಿಯ ಸದ್ದು ಒಂದು ಕ್ಷಣ ನಿಂತಂತಾಯಿತು, ಮತ್ತೆ ಹೋಯಿತು.

ಹಿಂದೆ ಸರಿಯದಿರಲೆಂದು ಇಲ್ಲೂ ಬರೆದಿಡುತ್ತಿದ್ದೇನೆ. ಸೋಮವಾರ, ಬೆಳಗ್ಗೆ ಏಳೂವರೆ, ಕೈತೊಳೆಯುವ ನಲ್ಲಿಗಳ ಹತ್ತಿರ.